ಮಾಸ್ಕೋದ ಆ ಬಯಲು ಈಜುಕೊಳ ಏನಾಯಿತು?

ಪ್ರಶ್ನೆ: ಮಾಸ್ಕೋದಲ್ಲಿ ದೊಡ್ಡದೊಂದು ಚರ್ಚನ್ನು ಕೆಡವಿ ಸಾರ್ವಜನಿಕ ಈಜುಕೊಳ ಕಟ್ಟಿದ್ದರಂತೆ. ಇದು ನಿಜವೇ? ಆ ಕೊಳ ಈಗಲೂ ಇದೆಯೇ?

ಉತ್ತರ: ಚರ್ಚನ್ನು ಕೆಡವಿದ್ದು ನಿಜ, ಅದೇ ಜಾಗದಲ್ಲಿ ಈಜುಕೊಳ ಇದ್ದದ್ದೂ ನಿಜ, ಆದರೆ ಈಜುಕೊಳಕ್ಕಾಗಿ ಚರ್ಚನ್ನು ಕೆಡವಿದರು ಎಂಬ ಮಾತು ಸರಿಯಲ್ಲ. ಇವೆರಡರ ನಡುವೆ ಸುಮಾರು 30 ವರ್ಷಗಳ ಅಂತರವಿದೆ.

1812ರಲ್ಲಿ ನೆಪೋಲಿಯನ್ನನ ಸೇನೆಯನ್ನು ಹಿಮ್ಮೆಟ್ಟಿಸಿದ ನೆನಪಿಗಾಗಿ ಕಟ್ಟಿ, 1883ರಲ್ಲಿ ಪ್ರತಿಷ್ಠಾಪಿಸಿದ ಕ್ರೈಸ್ಟ್ ದಿ ಸೇವಿಯರ್ ಕೆಥೆಡ್ರಲ್ಲನ್ನು ಸ್ಟಾಲಿನ್ ಸರ್ಕಾರ 1931ರ ಡಿಸೆಂಬರ್ 5ರಂದು ಸಿಡಿಮದ್ದಿಟ್ಟು ಉರುಳಿಸಿತು. ಅಲ್ಲಿ ಏಳಬೇಕಿದ್ದುದು 'ಸೋವಿಯತ್ತುಗಳ ಅರಮನೆ' ಎಂಬ ಸರ್ಕಾರಿ ಸಭಾಭವನ: ವಾಸ್ತುಶಿಲ್ಪಿ ಬೋರಿಸ್ ಇಯೋಫಾನ್ ಅದನ್ನು 415 ಮೀಟರ್ ಎತ್ತರಕ್ಕೆ ಯೋಜಿಸಿದ್ದರು, ನೆತ್ತಿಯ ಮೇಲೆ ಲೆನಿನ್‌ನ ಬೃಹತ್ ಪ್ರತಿಮೆ ನಿಲ್ಲಬೇಕಿತ್ತು. ಅಡಿಪಾಯ ಮುಗಿದಿತ್ತು. 1941ರಲ್ಲಿ ಜರ್ಮನಿ ದಾಳಿಯಿಟ್ಟಾಗ ಅದಕ್ಕೆ ತಂದಿದ್ದ ಉಕ್ಕು ಯುದ್ಧದ ಕೆಲಸಕ್ಕೆ ಹೋಯಿತು, ಅರಮನೆ ಮತ್ತೆ ಏಳಲೇ ಇಲ್ಲ.

ವರ್ಷಗಟ್ಟಲೆ ಹಾಗೇ ಬಿದ್ದಿದ್ದ ಆ ಅಡಿಪಾಯದ ಗುಂಡಿಯಲ್ಲೇ ದ್ಮಿತ್ರಿ ಚೆಚುಲಿನ್ ಅವರ ವಿನ್ಯಾಸದಂತೆ 'ಮಾಸ್ಕ್ವಾ' ಈಜುಕೊಳ 1960ರಲ್ಲಿ ತೆರೆಯಿತು. ಸುಮಾರು 130 ಮೀಟರ್ ವ್ಯಾಸದ, ದುಂಡನೆಯ, ಮೇಲೆ ಚಾವಣಿಯೇ ಇಲ್ಲದ ಕೊಳ ಅದು. ನೀರನ್ನು ಕಾಯಿಸುತ್ತಿದ್ದುದರಿಂದ ಹಿಮ ಬೀಳುವ ಚಳಿಗಾಲದಲ್ಲೂ ಜನ ಈಜುತ್ತಿದ್ದರು. ಬಟ್ಟೆ ಬದಲಿಸುವ ಕೋಣೆಯಿಂದ ಹೊರಗಿನ ಚಳಿಗೆ ಮೈಯೊಡ್ಡಬೇಕಾಗಿರಲಿಲ್ಲ. ಒಳಗೇ ನೀರಿಗಿಳಿದು, ಹಾಗೆಯೇ ಈಜುತ್ತ ಬಯಲಿಗೆ ಬರುವಂತೆ ದಾರಿ ಮಾಡಿದ್ದರು. ಹೊರಗೆ ಬಂದರೆ ಸುತ್ತಲೂ ದಟ್ಟವಾದ ಹಬೆ, ಪಕ್ಕದವರ ತಲೆಯೂ ಮಸುಕು. ಆ ನೆಲದಲ್ಲಿ ಅಷ್ಟು ಕಾಲ ಮೆರೆದ ಅಧಿಕಾರದ ಕನಸುಗಳಿಗಿಂತ ಸಾಮಾನ್ಯರಿಗೆ ನಿಜವಾಗಿ ದಕ್ಕಿದ್ದು ಈ ಕೊಳವೇ ಎಂದು ನನಗೆ ಅನ್ನಿಸುತ್ತದೆ. ಆದರೆ ಕೆಥೆಡ್ರಲ್ಲನ್ನು ಕಳೆದುಕೊಂಡವರ ನೋವು ಚಿಕ್ಕದಾಗಿರಲಿಲ್ಲ: 'ಮೊದಲು ಗುಡಿ, ಆಮೇಲೆ ಕಸ, ಈಗ ನಾಚಿಕೆಗೇಡು' ಎಂಬರ್ಥದ ಪ್ರಾಸದ ಮಾತು ಊರಲ್ಲಿ ಓಡಾಡುತ್ತಿತ್ತು.

ಕೊಳದಿಂದ ಏಳುತ್ತಿದ್ದ ಹಬೆ ಮತ್ತು ತೇವ ಹತ್ತಿರದ ಪುಷ್ಕಿನ್ ಕಲಾ ಸಂಗ್ರಹಾಲಯಕ್ಕೆ ಹಾನಿ ಮಾಡುತ್ತಿದೆ ಎಂಬ ದೂರೂ ಇತ್ತು. ಸೋವಿಯತ್ ಒಕ್ಕೂಟ ಕುಸಿದ ಬಳಿಕ ಇಷ್ಟು ನೀರನ್ನು ಕಾಯಿಸುವ ಖರ್ಚು ಹೊರಲಾಗದಂತಾಯಿತು, ಜೊತೆಗೆ ಕೆಥೆಡ್ರಲ್ಲನ್ನು ಮರಳಿ ಕಟ್ಟಬೇಕೆಂಬ ಒತ್ತಾಯವೂ ಬಲವಾಯಿತು. 1990ರ ದಶಕದ ಮೊದಲ ಭಾಗದಲ್ಲಿ ಕೊಳವನ್ನು ಮುಚ್ಚಿ ಕೆಡವಿದರು. 1995ರಲ್ಲಿ ಹೊಸ ಕೆಥೆಡ್ರಲ್ಲಿಗೆ ಅಡಿಗಲ್ಲು ಬಿದ್ದು, 2000ದ ಆಗಸ್ಟ್‌ನಲ್ಲಿ ಅದರ ಪ್ರತಿಷ್ಠೆ ನಡೆಯಿತು. ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಹಳೆಯದನ್ನು ಹೋಲುವಂತೆ ಕಟ್ಟಿದ ಆ ಕೆಥೆಡ್ರಲ್ಲೇ.