ಗಡಿಯಾರ ನೋಡಿ ಕೊಡುವ ಮಾತ್ರೆ

ರಾತ್ರಿ ಎರಡು ಗಂಟೆ. ಹಾಸಿಗೆಯಲ್ಲಿರುವವರಿಗೆ ನಿದ್ದೆ ಇಲ್ಲ, ಮಗ್ಗುಲು ಬದಲಿಸಲೂ ಭಯ. ಜೋರು ನೋವನ್ನು ಇಳಿಸುವ ಮಾರ್ಫಿನ್ ಮಾತ್ರೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ. ಆದರೂ ಅವರು ಹಲ್ಲು ಕಚ್ಚಿಕೊಂಡು, "ಇನ್ನೂ ಸ್ವಲ್ಪ ಹೊತ್ತು ತಡ್ಕೋತೀನಿ" ಅನ್ನುತ್ತಾರೆ. ಪಕ್ಕದಲ್ಲಿ ಕೂತವರೂ ಸುಮ್ಮನಾಗುತ್ತಾರೆ. ಈಗಲೇ ಕೊಟ್ಟುಬಿಟ್ಟರೆ ಮುಂದೆ ನೋವು ಇನ್ನೂ ಜಾಸ್ತಿಯಾದಾಗ ಏನು ಕೊಡೋದು ಅನ್ನುವ ಚಿಂತೆ ಅವರದು.

ಕ್ಯಾನ್ಸರ್ ಮುಂದುವರಿದ ಮನೆಗಳಲ್ಲಿ ಇಂಥ ರಾತ್ರಿಗಳು ಅಪರೂಪವಲ್ಲ. ಪ್ರೀತಿಯಿಂದಲೇ ಆಗುವ ತಪ್ಪು ಇದು. ಇವತ್ತು ಉಳಿಸಿದ ಮಾರ್ಫಿನ್ ನಾಳೆಯ ನೋವಿಗೆ ಬಲ ಕೊಡುವುದಿಲ್ಲ. ಪ್ಯಾರಾಸಿಟಮಾಲ್‌ಗೆ ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ, ಅದನ್ನು ದಾಟಿದರೆ ಲಿವರ್ ಕೆಡುತ್ತದೆ. ಮಾರ್ಫಿನ್‌ಗೆ ಹಾಗೆ ಗೆರೆ ಎಳೆದ ಮಿತಿ ಇಲ್ಲ. ನೋವು ಹೆಚ್ಚಾದರೆ ಡಾಕ್ಟರು ನೋಡಿಕೊಂಡು ಹಂತ ಹಂತವಾಗಿ ಡೋಸ್ ಏರಿಸುತ್ತಾರೆ.

ತಡೆದುಕೊಂಡಷ್ಟೂ ನಷ್ಟವೇ. ನೋವಿನ ಸಂದೇಶ ಬೆನ್ನುಹುರಿಗೆ ಪದೇ ಪದೇ ಬಂದು ಬಡಿಯುತ್ತಿದ್ದರೆ ಅಲ್ಲಿನ ನರಕೋಶಗಳು ಇನ್ನಷ್ಟು ಸೂಕ್ಷ್ಮವಾಗುತ್ತವೆ. ನಿನ್ನೆ ಮುಟ್ಟಿದರೆ ಏನೂ ಅನ್ನಿಸದ ಜಾಗ ಇವತ್ತು ಮುಟ್ಟಿದರೆ ಉರಿಯುತ್ತದೆ. ಹಾಗೆ ಕೆರಳಿದ ನೋವನ್ನು ಇಳಿಸೋದಕ್ಕೆ, ಮೊದಲೇ ಹಿಡಿತದಲ್ಲಿಟ್ಟ ನೋವಿಗಿಂತ ಜಾಸ್ತಿ ಔಷಧಿ ಬೇಕಾಗುತ್ತದೆ.

ಇದನ್ನು ರೋಗಿಗಳ ಪಕ್ಕದಲ್ಲಿ ಕೂತು ಗಮನಿಸಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ. ಸಾಯುತ್ತಿರುವವರ ನೋವಿನ ಬಗ್ಗೆ ತನ್ನ ಮಾತನ್ನು ವೈದ್ಯರು ಕೇಳಬೇಕಾದರೆ ತಾನೂ ವೈದ್ಯೆಯಾಗಬೇಕು ಎಂದು ಓದಿ, 1957ರಲ್ಲಿ, ಮೂವತ್ತೆಂಟು ದಾಟಿದ ಮೇಲೆ ಡಾಕ್ಟರಾದರು. ಆಗಿನ ಆಸ್ಪತ್ರೆಗಳಲ್ಲಿ ನೋವು ತಡೆಯಲಾಗದೆ ರೋಗಿ ಕೂಗಿದ ಮೇಲೆ ಇಂಜೆಕ್ಷನ್ ಕೊಡುವುದು ರೂಢಿ. ಸಾಂಡರ್ಸ್ ಹೊತ್ತಿಗೆ ಸರಿಯಾಗಿ, ನೋವು ಮರಳುವ ಮೊದಲೇ, ಬಾಯಿಯ ಮೂಲಕ ಮಾರ್ಫಿನ್ ಕೊಟ್ಟರು. ಅದುವರೆಗೆ ಮುಂದಿನ ಇಂಜೆಕ್ಷನ್ ಯಾವಾಗ ಅಂತ ಬಾಗಿಲು ನೋಡುತ್ತಿದ್ದವರು ಎದ್ದು ಕೂತು ಮಾತಾಡತೊಡಗಿದರು. 1967ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಯ ದಿನಗಳಲ್ಲಿರುವವರನ್ನು ನೋಡಿಕೊಳ್ಳುವ ಆರೈಕೆ ಮನೆ, ತೆರೆದರು. ಇವತ್ತು ನಾವು ಉಪಶಮನ ಆರೈಕೆ, ಪ್ಯಾಲಿಯೇಟಿವ್ ಕೇರ್ ಎಂದು ಕರೆಯುವುದು ಬೆಳೆದದ್ದು ಅಲ್ಲಿಂದ.

1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಏಣಿಯನ್ನು ಪ್ರಕಟಿಸಿತು. ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ಆಮೇಲೆ ಕೋಡೀನ್‌ನಂಥ ಮಧ್ಯಮ ಔಷಧಿ, ಜೋರು ನೋವಿಗೆ ಮಾರ್ಫಿನ್. ಈಗ ನೋವು ಜೋರಾಗಿದ್ದರೆ ನಡುವಿನ ಮೆಟ್ಟಿಲನ್ನು ದಾಟಿ ಹೋಗುವವರೂ ಇದ್ದಾರೆ. ಏಣಿಗಿಂತ ನನಗೆ ಮುಖ್ಯ ಅನ್ನಿಸುವುದು ಅದರ ಜೊತೆಗೆ ಬಂದ ಎರಡು ನಿಯಮಗಳು: ಸಾಧ್ಯವಾದಷ್ಟೂ ಬಾಯಿಯ ಮೂಲಕ ಕೊಡಿ, ಗಡಿಯಾರ ನೋಡಿ ಕೊಡಿ.

ಗಡಿಯಾರ ಯಾಕೆ? ಸಾಮಾನ್ಯ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು ನಾಲ್ಕು ಗಂಟೆ. ಒಬ್ಬರಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಬರೆದಿದ್ದಾರೆ ಎಂದುಕೊಳ್ಳಿ. ದಿನಕ್ಕೆ 60 ಆಯಿತು. ಇದರ ನಡುವೆ ನೋವು ಏಕಾಏಕಿ ಎದ್ದರೆ ಕೊಡೋದಕ್ಕೆ ಒಂದು ಹೆಚ್ಚುವರಿ ಡೋಸನ್ನೂ ಡಾಕ್ಟರು ಬರೆದುಕೊಡುತ್ತಾರೆ. ಅದು ಸಾಮಾನ್ಯವಾಗಿ ದಿನದ ಒಟ್ಟು ಡೋಸಿನ ಹತ್ತರಲ್ಲೊಂದರಿಂದ ಆರರಲ್ಲೊಂದು ಪಾಲು, ಅಂದರೆ ಇಲ್ಲಿ 6ರಿಂದ 10 ಮಿಲಿಗ್ರಾಂ. ಹೆಚ್ಚುವರಿ ಡೋಸ್ ಎಷ್ಟು ಸಲ ಬೇಕಾಯಿತು, ಎಷ್ಟು ಹೊತ್ತಿಗೆ, ಅನ್ನುವುದನ್ನು ಮನೆಯವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. ದಿನಕ್ಕೆ ಮೂರು ನಾಲ್ಕು ಸಲ ಬೇಕಾಗುತ್ತಿದ್ದರೆ ನಿಗದಿತ ಡೋಸ್ ಕಡಿಮೆಯಾಗಿದೆ ಎಂದರ್ಥ. ಆ ನೋಟ್‌ಬುಕ್ ನೋಡಿಯೇ ಡಾಕ್ಟರು ಲೆಕ್ಕ ಸರಿಪಡಿಸುತ್ತಾರೆ. ಹಾಗೆ ಸರಿಹೊಂದಿದ ಮೇಲೆ ಹನ್ನೆರಡು ಗಂಟೆಗೊಮ್ಮೆ ತೆಗೆದುಕೊಳ್ಳುವ, ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಬಹುದು. ಆ ಮಾತ್ರೆಯನ್ನು ಮಾತ್ರ ಪುಡಿ ಮಾಡಬಾರದು. ಪುಡಿ ಮಾಡಿದರೆ ಹನ್ನೆರಡು ಗಂಟೆಯ ಔಷಧಿ ಒಂದೇ ಸಲಕ್ಕೆ ಮೈಗೆ ಇಳಿದುಬಿಡುತ್ತದೆ.

"ಚಟ ಹತ್ತಲ್ವಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬರಬೇಕಾದ ಪ್ರಶ್ನೆಯೇ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡ ದೇಹ ಅದಕ್ಕೆ ಒಗ್ಗಿಕೊಳ್ಳುವುದು ನಿಜ. ಅದಕ್ಕೇ ತಟ್ಟನೆ ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಆದರೆ ಒಗ್ಗಿಕೊಳ್ಳುವುದೇ ಬೇರೆ, ಕೇಡಾಗುತ್ತಿದ್ದರೂ ಅದರ ಹಿಂದೆಯೇ ಓಡುವ ಚಟವೇ ಬೇರೆ. ನೋವಿಗಾಗಿ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಲ್ಲಿ ಎರಡನೆಯದು ಕಡಿಮೆ. ಹಿಂದೆ ಚಟ ಇದ್ದವರಾದರೆ ಡಾಕ್ಟರಿಗೆ ಹೇಳಿಬಿಡಿ. ಅವರಿಗೂ ನೋವಿನ ಔಷಧಿ ಸಿಗುತ್ತದೆ, ನಿಗಾ ಮಾತ್ರ ಜಾಸ್ತಿ ಇರುತ್ತದೆ.

ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಇಳಿಯದೇ ಇರುವುದು ಮಲಬದ್ಧತೆ. ಮಾರ್ಫಿನ್ ಹೋಗಿ ಕೂರುವ ರಿಸೆಪ್ಟರ್‌ಗಳು ಮೆದುಳು, ಬೆನ್ನುಹುರಿಯಲ್ಲಿ ಇರುವ ಹಾಗೆ ಕರುಳಿನ ಗೋಡೆಯಲ್ಲೂ ಇವೆ. ಅಲ್ಲಿ ಕೂತರೆ ಕರುಳಿನ ಅಲೆ ನಿಧಾನವಾಗುತ್ತದೆ, ಮಲ ಒಣಗಿ ಗಟ್ಟಿಯಾಗುತ್ತದೆ. ಮೆದುಳು ಮಂಪರಿಗೆ ಒಗ್ಗಿದ ಹಾಗೆ ಕರುಳು ಇದಕ್ಕೆ ಒಗ್ಗುವುದಿಲ್ಲ. ಹಾಗಾಗಿ ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು. ಚೀಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ, ಸಂಕೋಚ ಬೇಡ. ಹೊಟ್ಟೆ ಉಬ್ಬಿದ ಸಂಕಟಕ್ಕೆ ಹೆದರಿ ನೋವಿನ ಮಾತ್ರೆಯನ್ನೇ ಬಿಟ್ಟುಬಿಡುವವರಿದ್ದಾರೆ.

ಎಲ್ಲ ನೋವೂ ಒಂದೇ ಅಲ್ಲ. ಮೂಳೆಗೆ ಹರಡಿದ ಗಡ್ಡೆಯ ನೋವು ಅಲುಗಾಡಿದಾಗ ಇರಿಯುತ್ತದೆ. ಅದಕ್ಕೆ ಒಂದೇ ಸಲದ ವಿಕಿರಣ ಚಿಕಿತ್ಸೆ, ಹಲವು ದಿನ ಕೊಡುವಷ್ಟೇ ಆರಾಮ ಕೊಡಬಲ್ಲದು. ನರದ ನೋವು ಕರೆಂಟ್ ಹೊಡೆದ ಹಾಗೆ, ಕೆಂಡ ಇಟ್ಟ ಹಾಗೆ. ಅದಕ್ಕೆ ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥ ಬೇರೆ ಜಾತಿಯ ಔಷಧಿ ಬೇಕಾಗುತ್ತದೆ. ಆದ್ದರಿಂದ "ನೋವು" ಅಂತ ಮಾತ್ರ ಹೇಳದೆ ಎಲ್ಲಿ, ಹೇಗೆ, ಯಾವಾಗ ಅಂತ ಹೇಳಿದರೆ ಅರ್ಧ ಕೆಲಸ ಆದಂತೆ. ಒಂದನ್ನು ಮಾತ್ರ ಮರೆಯಬೇಡಿ. ಬೆನ್ನಿನಲ್ಲಿ ಹೊಸ ನೋವು, ಜೊತೆಗೆ ಕಾಲಿನಲ್ಲಿ ಬಲ ಕಡಿಮೆ, ಜೋಮು, ಮೂತ್ರ ಕಟ್ಟುವುದು ಇದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು, ತಡವಾದರೆ ಹೋದ ಕಾಲು ಮರಳದು.

ಉಸಿರು ಕಟ್ಟಿದ ಹಾಗಾಗುವುದು ನೋವಿಗಿಂತಲೂ ಹೆದರಿಸುವ ಸಂಗತಿ. ಎಲ್ಲರಿಗೂ ಮೊದಲು ಹೊಳೆಯುವುದು ಆಕ್ಸಿಜನ್ ಸಿಲಿಂಡರ್. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಕ್ತದ ಆಕ್ಸಿಜನ್ ತೀರಾ ಕುಸಿಯದೇ ಇದ್ದರೂ ಉಸಿರಾಟದ ಸಂಕಟ ಪಡುತ್ತಿದ್ದ 239 ರೋಗಿಗಳಲ್ಲಿ ಅರ್ಧ ಮಂದಿಗೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಕೊಟ್ಟರು, ಉಳಿದವರಿಗೆ ಅದೇ ನಳಿಕೆಯಲ್ಲಿ ಬರೀ ಗಾಳಿ. ಯಾವುದು ಯಾರಿಗೆ ಅಂತ ರೋಗಿಗಳಿಗೆ ತಿಳಿದಿರಲಿಲ್ಲ. ಆಕ್ಸಿಜನ್ ಪಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಆಕ್ಸಿಜನ್ ನಿಜಕ್ಕೂ ಕಡಿಮೆ ಇರುವವರ ಮಾತು ಬೇರೆ. ಉಳಿದವರಿಗೆ ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಫ್ಯಾನ್ ನೆರವಾಗಬಲ್ಲದು. ಮುಖದಿಂದ ಒಂದು ಗೇಣು ದೂರ ಹಿಡಿದು ಮೂಗು, ಕೆನ್ನೆಯ ಮೇಲೆ ಗಾಳಿ ಹಾಯಿಸಬೇಕು. ಮುಖದ ಚರ್ಮಕ್ಕೆ ತಂಪು ತಾಕಿದಾಗ ಅಲ್ಲಿನ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಉಸಿರಿಗಾಗಿ ಪಡುವ ತಹತಹ ಇಳಿಯುತ್ತದೆ. ಸಾಲದಿದ್ದರೆ ಸಣ್ಣ ಡೋಸಿನ ಮಾರ್ಫಿನ್ ಇಲ್ಲೂ ಕೆಲವರಿಗೆ ಕೆಲಸಕ್ಕೆ ಬರಬಹುದು.

ಇನ್ನು ಊಟ. ಮನೆಯವರ ಮನಸ್ಸು ಅತಿ ಹೆಚ್ಚು ನೋಯುವುದು ಇಲ್ಲೇ. "ತಿಂದರೆ ತಾನೇ ಶಕ್ತಿ ಬರೋದು" ಎಂದು ಗೋಗರೆಯುತ್ತಾರೆ, ಕೊನೆಗೆ ಗದರುತ್ತಾರೆ. ರೋಗಿ ಹಟಕ್ಕೆ ಬಿಟ್ಟಿಲ್ಲ. ಗಡ್ಡೆ ಮತ್ತು ಅದಕ್ಕೆ ಎದುರಾಗಿ ದೇಹ ಹೊರಡಿಸುವ ರಾಸಾಯನಿಕಗಳು ಮೆದುಳಿನ ಹಸಿವಿನ ಕೇಂದ್ರವನ್ನೇ ಮಂಕಾಗಿಸುತ್ತವೆ, ಜೊತೆಗೆ ಮಾಂಸಖಂಡವನ್ನು ಕರಗಿಸುತ್ತವೆ. ಈ ಹಂತದಲ್ಲಿ ಒತ್ತಾಯದ ಊಟ ಮೈಗೆ ಹತ್ತುವುದಿಲ್ಲ, ವಾಂತಿಯಾಗಿ ಹೊರಬರುತ್ತದೆ. ಬಾಯಿ ಹುಣ್ಣು, ವಾಕರಿಕೆ, ಮಲಬದ್ಧತೆಯಂಥ ಸರಿಪಡಿಸಬಹುದಾದ ಕಾರಣ ಇದೆಯೇ ಎಂದು ಮೊದಲು ನೋಡಬೇಕು. ಅದಾದ ಮೇಲೆ ಅವರು ಕೇಳಿದ್ದನ್ನು, ಕೇಳಿದ ಹೊತ್ತಿಗೆ, ನಾಲ್ಕು ಚಮಚ ಕೊಟ್ಟರೆ ಸಾಕು. ಅವರು ಬೇಡ ಅಂದರೆ ನಿಮ್ಮನ್ನು ಬೇಡ ಅಂದಂತೆ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ಉಪಶಮನ ಆರೈಕೆ ಅಂದ ಕೂಡಲೇ "ಕೈಬಿಟ್ಟರು" ಎಂದು ಕೇಳಿಸಿಕೊಳ್ಳುವವರು ತುಂಬ ಮಂದಿ. 2010ರಲ್ಲೇ ಬಂದ ಇನ್ನೊಂದು ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಲ್ಲಿ ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೇ, ಶುರುವಿನಿಂದಲೇ ಉಪಶಮನ ಆರೈಕೆ ಸಿಕ್ಕಿತು. ಅವರಲ್ಲಿ ಖಿನ್ನತೆ ಕಡಿಮೆ ಇತ್ತು, ದಿನಗಳು ಹೆಚ್ಚು ನೆಮ್ಮದಿಯಾಗಿದ್ದವು. ಕೊನೆಯ ದಿನಗಳಲ್ಲಿ ಕಠಿಣ ಚಿಕಿತ್ಸೆ ಪಡೆದವರು ಅವರಲ್ಲಿ ಕಡಿಮೆ. ಹಾಗಿದ್ದೂ ಅವರು ಬದುಕಿದ ಅವಧಿಯ ಮಧ್ಯಾಂಕ, ಅಂದರೆ ಅರ್ಧದಷ್ಟು ಜನ ದಾಟಿದ ಅವಧಿ, 11.6 ತಿಂಗಳು, ಇನ್ನೊಂದು ಗುಂಪಿನದು 8.9 ತಿಂಗಳು. ಹೀಗಿದ್ದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 5.68 ಕೋಟಿ ಜನರಿಗೆ ಈ ಆರೈಕೆ ಬೇಕು, ಸಿಗುತ್ತಿರುವುದು ಶೇ. 14ರಷ್ಟು ಮಂದಿಗೆ. ನನಗೆ ಇದು ಸಿಟ್ಟು ತರಿಸುವ ಲೆಕ್ಕ. ಮಾರ್ಫಿನ್ ಹೊಸದೂ ಅಲ್ಲ, ತಯಾರಿಸಲು ದುಬಾರಿಯೂ ಅಲ್ಲ. ಎರಡು ಶತಮಾನದಿಂದ ನಮ್ಮ ಕೈಯಲ್ಲಿದೆ.

ಕೊನೆಯ ದಿನಗಳಲ್ಲಿ ನುಂಗುವುದು ನಿಂತಾಗ ಔಷಧಿ ನಿಲ್ಲಬೇಕಿಲ್ಲ. ಚರ್ಮದ ಅಡಿಗೆ ಒಂದು ಸಣ್ಣ ಸೂಜಿ ಇಟ್ಟು, ಪುಟ್ಟ ಪಂಪಿನಿಂದ ದಿನವಿಡೀ ಹನಿ ಹನಿಯಾಗಿ ಕೊಡಬಹುದು. ಆಗ ಮನೆಯವರು ಕೇಳುತ್ತಾರೆ, "ನೀರೂ ಕುಡಿಯುತ್ತಿಲ್ಲ, ಗಂಟಲು ಒಣಗಲ್ವಾ?" ಆ ಹೊತ್ತಿನ ಬಾಯಾರಿಕೆ ಮುಖ್ಯವಾಗಿ ಒಣಗಿದ ಬಾಯಿಯದು. ಮೆತ್ತಗಿನ ಸ್ಪಂಜನ್ನೋ ಹತ್ತಿಯನ್ನೋ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ, ಒಸಡು, ನಾಲಿಗೆಯ ಮೇಲೆ ಮೆಲ್ಲಗೆ ಆಡಿಸಬೇಕು. ಗಂಟೆಗೊಮ್ಮೆ ಮಾಡಿದರೂ ಜಾಸ್ತಿಯಾಗದು. ಇದಕ್ಕೆ ನರ್ಸ್ ಬೇಕಿಲ್ಲ. ಪಕ್ಕದಲ್ಲಿ ಕೂತವರು ಯಾರೇ ಆಗಲಿ, ಮಾಡಬಹುದು.