ನೀಹಾರಿಕೆ ಎಂದರೇನು?

ನಕ್ಷತ್ರಗಳ ನಡುವೆ ಹರಡಿಕೊಂಡಿರುವ ಅನಿಲ ಮತ್ತು ದೂಳಿನ ಭಾರಿ ಮೋಡವೇ ನೀಹಾರಿಕೆ. ಅದರ ಬಹುಪಾಲು ಹೈಡ್ರೋಜನ್, ನಂತರದ ಪಾಲು ಹೀಲಿಯಂ.

ನೂರು ಫೋಟೊ ನೋಡುವುದಕ್ಕಿಂತ ಒಂದು ನೀಹಾರಿಕೆಯನ್ನು ಕಣ್ಣಾರೆ ನೋಡುವುದು ಮೇಲು. ಜನವರಿ, ಫೆಬ್ರವರಿಯಲ್ಲಿ ರಾತ್ರಿ ಊಟ ಮುಗಿಸಿ, ಬೀದಿದೀಪ ಕಣ್ಣಿಗೆ ಹೊಡೆಯದ ಕಡೆ ನಿಂತು ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜವನ್ನು ಹುಡುಕಿ. ಸಾಲಾಗಿರುವ ಮೂರು ನಕ್ಷತ್ರಗಳು ಬೇಟೆಗಾರನ ಸೊಂಟಪಟ್ಟಿ. ಅದರ ದಕ್ಷಿಣಕ್ಕೆ ಕತ್ತಿ ತೂಗುಬಿಟ್ಟ ಹಾಗೆ ಕೆಲವು ಮಂಕು ಚುಕ್ಕೆಗಳಿವೆ. ನಡುವಿನದು ಸ್ವಲ್ಪ ಮಸುಕು ಮಸುಕು, ಅಲ್ವಾ? ಅದೇ ಒರಾಯನ್ ನೀಹಾರಿಕೆ, ಖಗೋಳಜ್ಞರ ಪಟ್ಟಿಯಲ್ಲಿ ಎಂ42. ದೂರ ಸುಮಾರು 1,350 ಜ್ಯೋತಿರ್ವರ್ಷ, ಅಗಲ ಸುಮಾರು 24 ಜ್ಯೋತಿರ್ವರ್ಷ. ಇಷ್ಟು ದೊಡ್ಡದಾದರೂ ಅದರ ಅನಿಲ ನಾವು ಉಸಿರಾಡುವ ಗಾಳಿಗಿಂತ ಕೋಟಿ ಕೋಟಿ ಪಟ್ಟು ತೆಳು.

ಸಣ್ಣ ದೂರದರ್ಶಕ ಹಿಡಿದರೆ ಅದರ ಒಡಲಲ್ಲಿ ನಾಲ್ಕು ನಕ್ಷತ್ರ ಒತ್ತೊತ್ತಾಗಿ ಕಾಣುತ್ತವೆ. ಅದೇ ಅನಿಲದಿಂದ ಹುಟ್ಟಿದ ಎಳೆಯ ನಕ್ಷತ್ರಗಳವು. ಅವುಗಳ ನೇರಳಾತೀತ ಕಿರಣ ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನನ್ನು ಕಿತ್ತುಹಾಕುತ್ತದೆ. ಎಲೆಕ್ಟ್ರಾನ್ ಮತ್ತೆ ಬಂದು ಸೇರಿಕೊಳ್ಳುವಾಗ ಕೆಂಪು ಬೆಳಕು ಹೊಮ್ಮುತ್ತದೆ. ಫೋಟೊಗಳಲ್ಲಿ ಕಾಣುವ ಕೆಂಪು ಇದೇ. ನಮ್ಮ ಕಣ್ಣಿಗೆ ಮಾತ್ರ ಬೂದು ಬಣ್ಣವೇ ಕಂಡೀತು. ಮಂದ ಬೆಳಕಿನಲ್ಲಿ ಕಣ್ಣು ಬಣ್ಣ ಗುರುತಿಸುವುದಿಲ್ಲ, ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಹಾಗಾಗಿ ಮೊದಲ ಸಲ ನೋಡಿ ಬೇಜಾರಾಗಬೇಡಿ. ನನಗಂತೂ ಆ ಬೂದು ಮಸುಕೇ ಯಾವ ಫೋಟೊಗಿಂತಲೂ ಇಷ್ಟ.

ಎಲ್ಲ ನೀಹಾರಿಕೆಗಳೂ ಹೀಗೆ ತಾವೇ ಬೆಳಗುವುದಿಲ್ಲ. ಕೃತ್ತಿಕೆಯ ಸುತ್ತಲಿನ ದೂಳು ನಕ್ಷತ್ರಗಳ ಬೆಳಕನ್ನು ಚದುರಿಸಿ ನೀಲಿಯಾಗಿ ಕಾಣುತ್ತದೆ. ಕುದುರೆತಲೆ ನೀಹಾರಿಕೆಯದು ದಟ್ಟ ದೂಳು, ಹಿಂದಿನ ಬೆಳಕನ್ನೇ ಮರೆಮಾಡುತ್ತದೆ. ವೃಷಭದಲ್ಲಿರುವ ಏಡಿ ನೀಹಾರಿಕೆ ಸಿಡಿದ ನಕ್ಷತ್ರದ ಅವಶೇಷ. ಆ ಸ್ಫೋಟದ ಬೆಳಕನ್ನು ಚೀನಾದ ವೀಕ್ಷಕರು 1054ರಲ್ಲಿ ಕಂಡು ಬರೆದಿಟ್ಟಿದ್ದಾರೆ. ಅದರ ನಡುವೆ ಉಳಿದ ನ್ಯೂಟ್ರಾನ್ ನಕ್ಷತ್ರ, ಅಂದರೆ ಸಿಡಿದ ನಕ್ಷತ್ರದ ಕುಗ್ಗಿದ ಅತಿ ದಟ್ಟ ತಿರುಳು, ಈಗಲೂ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತಿದೆ.

ಹಳೆಯ ಪುಸ್ತಕಗಳಲ್ಲಿ ‘ಆಂಡ್ರೊಮಿಡಾ ನೀಹಾರಿಕೆ’ ಎಂದಿದ್ದರೆ ಗೊಂದಲ ಬೇಡ. ಮಸುಕಾಗಿ ಕಂಡದ್ದಕ್ಕೆಲ್ಲ ಆಗ ಅದೇ ಹೆಸರಿತ್ತು. ಅದು ನಮ್ಮ ಆಕಾಶಗಂಗೆಯಾಚೆಗಿನ ಬೇರೆಯೇ ಗೆಲಾಕ್ಸಿ ಎಂದು 1920ರ ದಶಕದಲ್ಲಿ ಖಗೋಳಜ್ಞ ಎಡ್ವಿನ್ ಹಬಲ್ ತೋರಿಸಿಕೊಟ್ಟರು.