ಎರಡು ಡಿಶ್, ಒಂದೇ ಬಾಕ್ಸ್: ಡೈಸೆಕ್ ಸ್ವಿಚ್ ಬಂದ ದಾರಿ

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಈಗಲೂ ಎರಡು ಡಿಶ್ ಇವೆ. ಅಂಗಳದ ಮೂಲೆಯಲ್ಲಿ ಎಂಟಡಿಯ ಜಾಳಿಗೆ ಡಿಶ್, ಹೆಂಚಿನ ಮಾಡಿನ ಪಕ್ಕ ಪೈಪಿಗೆ ಕೂರಿಸಿದ ಎರಡಡಿಯ ಚಿಕ್ಕದು. ಟಿವಿ ಹತ್ತಿರ ಇರುವುದು ಮಾತ್ರ ಒಂದೇ ಬಾಕ್ಸ್. ಮೊದಲೆಲ್ಲ ಆ ಡಿಶ್ಶಿನಿಂದ ಈ ಡಿಶ್ಶಿಗೆ ಹೋಗಬೇಕೆಂದರೆ ಅಪ್ಪಯ್ಯ ಬಾಕ್ಸಿನ ಹಿಂದೆ ಕೈಹಾಕಿ ಒಂದು ಕೇಬಲ್ ತಿರುಗಿಸಿ ಬಿಚ್ಚುತ್ತಿದ್ದರು, ಇನ್ನೊಂದನ್ನು ಹಾಕುತ್ತಿದ್ದರು. ಹೀಗೆ ಬಿಚ್ಚಿ ಹಾಕಿ ಕೇಬಲ್ಲಿನ ನಡುವಿನ ತಂತಿ ಮುರಿಯುತ್ತಿತ್ತು. ಮತ್ತೆ ಚಾಕು ತಗೊಂಡು ಸುಲಿಯಬೇಕು, ಪಿನ್ ಹಾಕಬೇಕು. ಈ ಬಿಚ್ಚಿ ಹಾಕುವ ಕೆಲಸ ತಪ್ಪಿಸುವ ಪುಟ್ಟ ಪೆಟ್ಟಿಗೆಯೇ ಡೈಸೆಕ್ ಸ್ವಿಚ್; ಬಾಕ್ಸ್ ಹೇಳಿದ ಡಿಶ್ಶನ್ನು ಅದು ತಾನೇ ಜೋಡಿಸಿಕೊಡುತ್ತದೆ.

ಎರಡು ಡಿಶ್ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ತೋಟದ ನಡುವೆ ಒಂದೊಂದು ಮನೆ, ಮಧ್ಯೆ ಗುಡ್ಡ. ಆಂಟೆನಾಗೆ ಚಿತ್ರ ಸರಿಯಾಗಿ ಸಿಗುತ್ತಿರಲಿಲ್ಲ, ಪೇಟೆಯ ಕೇಬಲ್ ಅಷ್ಟು ದೂರ ಬರುತ್ತಲೂ ಇರಲಿಲ್ಲ. 1991ರಲ್ಲಿ ಏಷ್ಯಾಸ್ಯಾಟ್-1 ಉಪಗ್ರಹದಿಂದ ಸ್ಟಾರ್ ಟಿವಿ ಶುರುವಾಯಿತು, 1992ರಲ್ಲಿ ಝೀ ಬಂತು. ಅವೆಲ್ಲ ಸಿ ಬ್ಯಾಂಡ್ ಎಂಬ ಅಲೆಪಟ್ಟಿಯಲ್ಲಿ. ಸುಮಾರು 4 ಗಿಗಾಹರ್ಟ್ಸ್. ಅದಕ್ಕೆ ದೊಡ್ಡ ಡಿಶ್ಶೇ ಬೇಕು. ಆಮೇಲೆ 2004ರ ಡಿಸೆಂಬರಿನಲ್ಲಿ ದೂರದರ್ಶನ ಡಿಡಿ ಡೈರೆಕ್ಟ್ ಪ್ಲಸ್ ಶುರುಮಾಡಿತು. ಈಗಿನ ಫ್ರೀ ಡಿಶ್ ಅದೇ. ಶುರುವಿಗೆ 33 ಚಾನೆಲ್, ತಿಂಗಳ ದುಡ್ಡಿಲ್ಲ, ಚಿಕ್ಕ ಡಿಶ್ ಸಾಕು. ಅದು ಕೆಯು ಬ್ಯಾಂಡ್, 11 ಗಿಗಾಹರ್ಟ್ಸ್ ಆಸುಪಾಸು. ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕಾರವಾರದಲ್ಲಿ ನಿಂತು ನೋಡಿದರೆ ಅದು ಆಗ್ನೇಯಕ್ಕೆ ಸುಮಾರು 62 ಡಿಗ್ರಿ ಎತ್ತರದಲ್ಲಿ ಬರುತ್ತದೆ. ಅಷ್ಟು ಎತ್ತರದಲ್ಲಿ ಇರುವುದರಿಂದಲೇ ಅಡಿಕೆ ಮರಗಳ ನಡುವಿನ ಮನೆಗೂ ಆಕಾಶ ಸಿಗುತ್ತದೆ.

ಆದರೆ ಮಳೆ! 10 ಗಿಗಾಹರ್ಟ್ಸ್ ದಾಟಿದ ಅಲೆಗಳನ್ನು ಮಳೆಹನಿ ಚೆನ್ನಾಗಿಯೇ ಹೀರುತ್ತದೆ. ಜೂನ್-ಜುಲೈನಲ್ಲಿ ಕರಾವಳಿಯಲ್ಲಿ ಸುರಿಯುವ ಮಳೆ ನಿಮಗೆ ಗೊತ್ತಲ್ವಾ, ಚಿಕ್ಕ ಡಿಶ್ ಸುಮ್ನೆ ಕಪ್ಪಾಗಿ ಕೂತುಬಿಡುತ್ತದೆ. ಸಿ ಬ್ಯಾಂಡಿಗೆ ಆ ತೊಂದರೆ ತೀರಾ ಕಡಿಮೆ. ಅದಕ್ಕೇ ಹಳೆ ಡಿಶ್ಶನ್ನು ಗುಜರಿಗೆ ಕೊಡಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಎರಡೂ ಕೇಬಲ್ ಸೇರಿಸಿ ಒಂದು ಮಾಡಿದರೆ ಆಗೋದಿಲ್ವಾ? ಆಗೋದಿಲ್ಲ. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ, ಸಿ ಇರಲಿ ಕೆಯು ಇರಲಿ, ಆಕಾಶದಿಂದ ಬಂದದ್ದನ್ನು ಇಳಿಸಿ 950ರಿಂದ 2150 ಮೆಗಾಹರ್ಟ್ಸ್ ಒಳಗೇ ಕಳಿಸುತ್ತದೆ. ಎರಡೂ ಒಂದೇ ಜಾಗಕ್ಕೆ ಬಂದು ಕಲಸಿಹೋಗುತ್ತವೆ. ಒಂದು ಸಲಕ್ಕೆ ಒಂದನ್ನೇ ಒಳಗೆ ಬಿಡುವವರು ಯಾರಾದರೂ ಬೇಕು.

ಆ ಕೆಲಸವನ್ನು ಸ್ವಿಚ್ಚಿಗೆ ಕೊಡಬಹುದು, ಆದರೆ ಯಾವ ಡಿಶ್ ಬೇಕು ಅಂತ ಅದಕ್ಕೆ ತಿಳಿಸುವುದು ಹೇಗೆ? ಇರುವುದು ಒಂದೇ ಕೇಬಲ್. ಅದರಲ್ಲೇ ಎಲ್‌ಎನ್‌ಬಿಗೆ ಕರೆಂಟ್ ಮೇಲೆ ಹೋಗಬೇಕು, ಸಿಗ್ನಲ್ ಕೆಳಗೆ ಬರಬೇಕು. ಮೊದಲು ಆ ಕರೆಂಟನ್ನೇ ಮಾತಾಡಲು ಬಳಸಿದರು. ಬಾಕ್ಸ್ 13 ವೋಲ್ಟ್ ಕೊಟ್ಟರೆ ಲಂಬವಾಗಿ ಕಂಪಿಸುವ ಅಲೆ, 18 ಕೊಟ್ಟರೆ ಅಡ್ಡಕ್ಕೆ ಕಂಪಿಸುವ ಅಲೆ ಒಳಗೆ ಬರುತ್ತದೆ. ಆಮೇಲೆ ಯುರೋಪಿನಲ್ಲಿ ಚಾನೆಲ್ ಜಾಸ್ತಿಯಾದವು. 1995ರಲ್ಲಿ ಆಸ್ಟ್ರಾ 1ಇ ಉಪಗ್ರಹ ಹೋದ ಮೇಲೆ ಕೆಳಗಿನ ಪಟ್ಟಿ, ಮೇಲಿನ ಪಟ್ಟಿ ಅಂತ ಎರಡನ್ನು ಆರಿಸಬೇಕಾಯಿತು. ಅದಕ್ಕೆ ಬಾಕ್ಸ್ ಅದೇ ಕೇಬಲ್ಲಿನಲ್ಲಿ ಮೇಲೆ ಕಳಿಸುವ 22 ಕಿಲೋಹರ್ಟ್ಸ್ ಸ್ವರ ಬಂತು. ಸ್ವರ ಇದ್ದರೆ ಮೇಲಿನದು, ಇಲ್ಲದಿದ್ದರೆ ಕೆಳಗಿನದು. ಅಲ್ಲಿಗೆ ವೋಲ್ಟೇಜೂ ಮುಗಿಯಿತು, ಸ್ವರವೂ ಮುಗಿಯಿತು. ಡಿಶ್ ಆರಿಸಲು ಏನೂ ಉಳಿಯಲಿಲ್ಲ.

ಇದಕ್ಕೆ ಯುರೋಪಿನ ಉಪಗ್ರಹ ಸಂಸ್ಥೆ ಯೂಟೆಲ್‌ಸ್ಯಾಟ್ ಕಂಡುಕೊಂಡ ದಾರಿಯೇ ಡೈಸೆಕ್, ಅದು ನನಗೆ ಇವತ್ತಿಗೂ ಇಷ್ಟ. ಹೊಸ ತಂತಿ ಎಳೆಯಲಿಲ್ಲ. ಅದೇ 22 ಕಿಲೋಹರ್ಟ್ಸ್ ಸ್ವರವನ್ನು ಹಳೆ ಟೆಲಿಗ್ರಾಂ ಯಂತ್ರದ ಕಟ್ಟ-ಕಡ ಸದ್ದಿನ ಹಾಗೆ ತುಂಡು ತುಂಡು ಮಾಡಿದರು. ಒಂದು ಬಿಟ್ಟಿಗೆ, ಅಂದರೆ ಸೊನ್ನೆ ಅಥವಾ ಒಂದು ಎಂಬ ಒಂದು ಅಂಕೆಗೆ, ಒಂದೂವರೆ ಮಿಲಿಸೆಕೆಂಡ್. ಅದರಲ್ಲಿ ಒಂದು ಮಿಲಿಸೆಕೆಂಡ್ ಸ್ವರ, ಅರ್ಧ ಮೌನ ಆದರೆ ಸೊನ್ನೆ. ಅರ್ಧ ಸ್ವರ, ಒಂದು ಮೌನ ಆದರೆ ಒಂದು. ಡಿಶ್ ಬದಲಿಸುವ ಆಜ್ಞೆಗೆ ಎಂಟೆಂಟು ಬಿಟ್ಟಿನ ನಾಲ್ಕು ಬೈಟ್, ಪ್ರತಿಯೊಂದಕ್ಕೂ ತಪ್ಪು ಹಿಡಿಯಲು ಇನ್ನೊಂದು ಬಿಟ್, ಒಟ್ಟು 36. ಎಲ್ಲ ಸೇರಿ 54 ಮಿಲಿಸೆಕೆಂಡ್. ರಿಮೋಟ್ ಒತ್ತಿ ಕಣ್ಣು ಮಿಟುಕಿಸುವುದರೊಳಗೆ ಮಾತು ಮುಗಿದಿರುತ್ತದೆ. ಡಿಶ್ ಆರಿಸಲು ಇಟ್ಟದ್ದು ಎರಡು ಬಿಟ್. ಎರಡು ಬಿಟ್ಟಿನಲ್ಲಿ ನಾಲ್ಕು ಬಗೆ, ಹಾಗಾಗಿ ಅಂಗಡಿಯಲ್ಲಿ ಸಿಗುವ ಡೈಸೆಕ್ 1.0 ಸ್ವಿಚ್ಚಿಗೆ ಡಿಶ್ಶಿನ ಕೇಬಲ್ ಹಾಕಲು ನಾಲ್ಕು ಬಾಯಿ. ಮುಂದೆ 1.1ರಲ್ಲಿ ಸ್ವಿಚ್ಚಿನ ಹಿಂದೆ ಸ್ವಿಚ್ ಇಟ್ಟು 16ರವರೆಗೆ ಹೋದರು, 1.2 ಡಿಶ್ ತಿರುಗಿಸುವ ಮೋಟರಿಗೆ.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಸಿ ಬ್ಯಾಂಡ್ ಎಲ್‌ಎನ್‌ಬಿಗೆ ಆ ಸ್ವರ ಬೇಕೇ ಇಲ್ಲ. ಫ್ರೀ ಡಿಶ್ ಚಾನೆಲ್‌ಗಳು 11.7 ಗಿಗಾಹರ್ಟ್ಸಿಗಿಂತ ಕೆಳಗೇ, ಅಂದರೆ ಕೆಳಗಿನ ಪಟ್ಟಿಯಲ್ಲೇ ಇರುವುದರಿಂದ ಅದಕ್ಕೂ ಬೇಡ. ಯುರೋಪಿನಲ್ಲಿ ಮುಗಿದುಹೋದ ಸ್ವರ ಇಲ್ಲಿ ಖಾಲಿ ಕೂತಿತ್ತು. ಹಾಗಾಗಿ ಎರಡೇ ಡಿಶ್ ಇದ್ದವರಿಗೆ, ಸ್ವರ ಇದೆಯೋ ಇಲ್ಲವೋ ಅಂತ ನೋಡಿ ಡಿಶ್ ಬದಲಿಸುವ ಅಗ್ಗದ 22ಕೆ ಸ್ವಿಚ್ಚೇ ಸಾಕು. ಚಿಕ್ಕ ಡಿಶ್ಶನ್ನು ಸೊನ್ನೆ ಬಾಯಿಗೆ ಹಾಕಿ, ದೊಡ್ಡದನ್ನು 22ರ ಬಾಯಿಗೆ. ಮೂರನೇ ಡಿಶ್ ಬಂದರೆ ಡೈಸೆಕ್ ತಗೊಳ್ಳಿ. ಬಾಕ್ಸ್ ಮಾತ್ರ ಯಾವ ಕಂಪನಿಗೂ ಕಟ್ಟಿಹಾಕಿರದ, ಉಚಿತ ಚಾನೆಲ್ ಹಿಡಿಯುವಂಥದ್ದು ಆಗಿರಬೇಕು.

ಕರಾವಳಿಯವರಿಗೆ ಇನ್ನೊಂದು ಮಾತು. ಕುಮಟಾದಲ್ಲಿ ನೆಂಟರ ಮನೆಗೆ ಹೋದಾಗ ಸ್ವಿಚ್ ಕೆಟ್ಟಿದೆ ಅಂದರು. ಮಾಡಿನ ಮೇಲೆ ಪೈಪಿಗೆ ಕಟ್ಟಿದ್ದರು. ಪಿನ್ ತಿರುಗಿಸಿದರೆ ಒಳಗೆಲ್ಲ ಹಸಿರು ಪುಡಿ, ನಡುವಿನ ತಂತಿ ಮುಟ್ಟಿದ ಕೂಡಲೇ ಉದುರಿತು. ಉಪ್ಪುಗಾಳಿ. ಸ್ವಿಚ್ ಸರಿಯಾಗಿಯೇ ಇತ್ತು. ಅದನ್ನು ಮಾಡಿನ ಕೆಳಗೆ ತಂದೆವು, ಬಾಯಿಗಳನ್ನು ಕೆಳಮುಖ ಮಾಡಿದೆವು. ಕೇಬಲ್ ಒಳಬರುವ ಕಡೆ ಒಂದು ಗೇಣು ಇಳಿಬಿಟ್ಟು ಮತ್ತೆ ಮೇಲೆ ಎತ್ತಿದೆವು, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ. ಹೊಸ ಪಿನ್ ಹಾಕಿ ಮೇಲೆ ಟೇಪ್ ಸುತ್ತಿದೆವು. ಸಂಜೆ ಮಳೆ ಹಿಡಿದು ಚಿಕ್ಕ ಡಿಶ್ ಹೋಯಿತು. ಅವರ ಆಯಿ ಕೂತಲ್ಲೇ ರಿಮೋಟ್ ಒತ್ತಿ ದೊಡ್ಡ ಡಿಶ್ಶಿನ ಚಾನೆಲ್ ಹಾಕಿಕೊಂಡರು.